ಕೋನ್‌ಫ್ಲವರ್ ಗಿಡಕ್ಕೆ ಏನಾಗಿದೆ? ಕೀಳುವ ಮೊದಲು ನೋಡಬೇಕಾದ್ದು

ಕೋನ್‌ಫ್ಲವರ್ ಹೂವಿನ ನಡುವೆ ಹಸಿರು ಜುಟ್ಟು ಎದ್ದಿದೆ ಅಂತ ಹೇಳಿದರೆ ಸಾಕು, ಎಲ್ಲರೂ ಕೊಡುವ ಸಲಹೆ ಒಂದೇ: ‘ಗಿಡ ಕಿತ್ತು ಬಿಸಾಡಿ.’ ನಾನೂ ಹಾಗೇ ಮಾಡಿದ್ದೆ. ನಾಲ್ಕು ವರ್ಷದ, ಬುಡ ಅಗಲವಾಗಿ ಹರಡಿದ್ದ ಮೂರು ಗಿಡಗಳನ್ನು ಒಂದೇ ಸಂಜೆ ಗುದ್ದಲಿ ಹಾಕಿ ಎಬ್ಬಿಸಿದೆ. ಅವುಗಳ ಎಲೆ ಹಸಿರಾಗೇ ಇತ್ತು. ಕಾಂಡ ಗಟ್ಟಿಯಾಗಿತ್ತು. ಪಕ್ಕದ ಮೊಗ್ಗುಗಳು ಚೆನ್ನಾಗೇ ಅರಳುತ್ತಿದ್ದವು. ಇದನ್ನೆಲ್ಲ ಐದು ನಿಮಿಷ ನಿಂತು ನೋಡಿದ್ದರೆ, ನಾಲ್ಕು ಹೂ ಕತ್ತರಿಸಿದ್ದರೆ ಸಾಕಿತ್ತು ಅಂತ ಗೊತ್ತಾಗುತ್ತಿತ್ತು. ಆ ಮೂರು ಗಿಡಗಳ ನೆನಪು ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ನೇರಳೆ ಕೋನ್‌ಫ್ಲವರ್ ಬಗ್ಗೆ, ಅಂದರೆ ಎಕಿನೇಷಿಯ ಪರ್ಪ್ಯೂರಿಯ. ಸೂರ್ಯಕಾಂತಿ, ಸೇವಂತಿಗೆಯ ಕುಟುಂಬಕ್ಕೆ ಸೇರಿದ ಕಾಡುಗಿಡ. ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಹುಲ್ಲುಬಯಲು, ಬಿಸಿಲು ಬೀಳುವ ಕಾಡಿನ ಅಂಚು ಇದರ ತವರು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ರುಡ್‌ಬೆಕಿಯ ಅಂತ ಕರೆದಿದ್ದ. 1794ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಕೊನ್ರಾಡ್ ಮೋಂಚ್ ಬೇರೆ ಮಾಡಿ ಎಕಿನೇಷಿಯ ಅಂತ ಹೆಸರಿಟ್ಟ. ಗ್ರೀಕ್‌ನಲ್ಲಿ ‘ಎಕಿನೋಸ್’ ಅಂದರೆ ಮುಳ್ಳುಹಂದಿಯಂಥ ಪ್ರಾಣಿ. ಹೂವಿನ ನಡುವಿನ ಕೋನ್ ಮೇಲೆ ಬೆರಳಾಡಿಸಿ, ಹೆಸರು ಯಾಕೆ ಬಂತು ಅಂತ ಬೆರಳಿಗೇ ಗೊತ್ತಾಗುತ್ತದೆ.

ಗಿಡ ಗಟ್ಟಿ. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಒಣಗಿ ಹೋದರೂ ವಸಂತದಲ್ಲಿ ಅದೇ ಬುಡದಿಂದ ಚಿಗುರುತ್ತದೆ. ಇದಕ್ಕೆ ತೊಂದರೆ ಬರುವುದಿಲ್ಲ ಅಂತಲ್ಲ, ಬೇಕಾದಷ್ಟು ಬರುತ್ತವೆ. ಆದರೆ ಬದುಕಿರುವ ಗಿಡವನ್ನು ಬೇರುಸಹಿತ ಕೀಳಲೇಬೇಕಾದ ಸಾಮಾನ್ಯ ರೋಗ ಒಂದೇ, ಆಸ್ಟರ್ ಯೆಲ್ಲೋಸ್. ಉಳಿದದ್ದಕ್ಕೆಲ್ಲ ಕತ್ತರಿ, ಜಾಗ ಬದಲಾವಣೆ, ಇಲ್ಲ ಸುಮ್ನೆ ಕಾಯುವುದು ಸಾಕು.

ಮೊದಲು ಎಲ್ಲಿ ನೋಡಬೇಕು

ಹೂವಿನಲ್ಲಿ ಏನೋ ಕಂಡಿತು ಅಂತ ಹೂವನ್ನೇ ನೋಡುತ್ತಾ ನಿಲ್ಲಬೇಡಿ. ಕೆಳಗೆ ಬಗ್ಗಿ. ಬುಡದ ಎಲೆ, ಕಾಂಡದ ಎಲೆ, ತುದಿಯ ಎಲೆ, ಮೂರನ್ನೂ ನೋಡಿ. ಹಳೆಯ ಎಲೆಯಲ್ಲಿ ಮಾತ್ರ ತೊಂದರೆ ಇದೆಯಾ, ಹೊಸ ಚಿಗುರಿನಲ್ಲಿಯೂ ಇದೆಯಾ? ಒಂದೇ ಹೂ ಕೆಟ್ಟಿದೆಯಾ, ಆ ಗಿಡದ ಎಲ್ಲ ಹೂವೂ ಕೆಟ್ಟಿವೆಯಾ? ಪಕ್ಕದ ಗಿಡ ಹೇಗಿದೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಜೇಬಿನಲ್ಲಿ ಇರಲಿ.

ಒಂದು ಮೊಬೈಲ್ ಫೋಟೋ ತೆಗೆದಿಡಿ. ಹತ್ತು ದಿನ ಬಿಟ್ಟು ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ‘ಹೋದ ವಾರ ಹೀಗಿರಲಿಲ್ಲ’ ಅಂತ ಮನಸ್ಸು ಹೇಳುವುದು ಎಷ್ಟೋ ಸಲ ತಪ್ಪಿರುತ್ತದೆ. ಫೋಟೋ ತಪ್ಪುವುದಿಲ್ಲ.

ದೋಷ ಅಂತ ಕಾಣುವ, ಆದರೆ ದೋಷ ಅಲ್ಲದ ಸಂಗತಿಗಳು

ಆಗತಾನೇ ಬಿರಿಯುತ್ತಿರುವ ಹೂವಿನ ಎಸಳು ಹಸಿರಾಗಿರುತ್ತದೆ. ಗಿಡ್ಡ, ಸೆಟೆದುಕೊಂಡ, ತಿಳಿ ಹಸಿರು ಎಸಳುಗಳು ಕೋನ್ ಸುತ್ತ ಹಲ್ಲಿನ ಹಾಗೆ ನಿಂತಿರುತ್ತವೆ. ರೋಗದ ಹೆಸರು ಕೇಳಿ ಹೆದರಿರುವವರಿಗೆ ಇದೇ ಮೊದಲು ಕಣ್ಣಿಗೆ ಬೀಳುತ್ತದೆ. ಕೆಲವು ದಿನ ಬಿಡಿ. ಎಸಳು ಉದ್ದವಾಗುತ್ತಾ ಬುಡದಿಂದ ಗುಲಾಬಿ ಬಣ್ಣ ಏರುತ್ತದೆ.

ಎಸಳು ಕೆಳಗೆ ಜೋತು ಬಿದ್ದರೆ ನೀರು ಕಮ್ಮಿಯಾಗಿದೆ ಅಂತಲ್ಲ. ಅದು ಈ ಹೂವಿನ ಸ್ವಭಾವ. ಇದರ ಸೋದರಿ ಎಕಿನೇಷಿಯ ಪ್ಯಾಲಿಡದಲ್ಲಿ ತೆಳು ಎಸಳುಗಳು ಪೂರ್ತಿ ನೇತಾಡುತ್ತವೆ. ನೀರು ಬೇಕಾ ಅಂತ ತಿಳಿಯಲು ಎಲೆ ನೋಡಿ, ಎಸಳು ಬೇಡ.

ಬೀಜದಿಂದ ಬೆಳೆಸಿದ ಗಿಡ ಮೊದಲ ವರ್ಷ ಹೂ ಬಿಡದಿದ್ದರೆ ಏನೂ ತಪ್ಪಾಗಿಲ್ಲ. ಆ ವರ್ಷ ನೆಲಕ್ಕೆ ಅಂಟಿದ ಎಲೆಗುಚ್ಛ ಮಾತ್ರ. ಬೇರು ಕಟ್ಟುವ ಕೆಲಸ ಒಳಗೆ ನಡೆದಿರುತ್ತದೆ. ಸಾಮಾನ್ಯವಾಗಿ ಎರಡನೇ ವರ್ಷ ಹೂ ಬರುತ್ತದೆ. ಮೂರನೇ ವರ್ಷವೂ ಬರಲಿಲ್ಲ ಅಂದರೆ ಬಿಸಿಲು ಲೆಕ್ಕ ಹಾಕಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು.

ಇನ್ನು ತಳಿಯ ವಿಷಯ. ‘ಗ್ರೀನ್ ಜ್ಯೂಯೆಲ್’, ‘ಗ್ರೀನ್ ಎನ್ವಿ’ ತಳಿಗಳ ಹೂವೇ ಹಸಿರು. ‘ರಾಜ್‌ಮಟಾಜ್’ ಥರದ ಜೋಡಿ ಎಸಳಿನ ತಳಿಗಳಲ್ಲಿ ಕೋನ್ ಮೇಲೆಲ್ಲ ಕಿರು ಎಸಳು ತುಂಬಿ ಚೆಂಡಿನ ಹಾಗಿರುತ್ತದೆ. ಗಿಡ ತಂದಾಗ ಬಂದ ಚೀಟಿ ಎಸೆಯಬೇಡಿ ಅನ್ನುವುದು ಇದಕ್ಕೇ. ಹೆಸರು ಗೊತ್ತಿಲ್ಲದಿದ್ದರೆ ಇಂಥ ಗಿಡದಲ್ಲಿ ರೋಗ ಯಾವುದು, ರೂಪ ಯಾವುದು ಅಂತ ಹೇಳುವುದು ಕಷ್ಟ.

ಕೆಲವೊಮ್ಮೆ ಕಾಂಡ ಪಟ್ಟಿಯಂತೆ ಚಪ್ಪಟೆಯಾಗಿ, ತುದಿಯಲ್ಲಿ ಎರಡು ಹೂ ಬೆನ್ನಿಗೆ ಬೆನ್ನು ಅಂಟಿ ಹುಟ್ಟುತ್ತವೆ. ಬೆಳೆಯುವ ತುದಿಗೆ ಪೆಟ್ಟಾದರೂ ಹೀಗಾಗುತ್ತದೆ, ಕಾರಣವೇ ಕಾಣದೆಯೂ ಆಗುತ್ತದೆ. ಒಂದೇ ಕಾಂಡದಲ್ಲಿ ಇದ್ದು, ಬಣ್ಣ ಸರಿಯಿದ್ದರೆ ಚಿಂತೆ ಬೇಡ. ಮುಂದಿನ ಕಾಂಡ ಸಾಮಾನ್ಯವಾಗಿ ನೆಟ್ಟಗೇ ಬರುತ್ತದೆ.

ಕೋನ್ ಮೇಲೆ ಜುಟ್ಟು: ನುಸಿಯೋ, ಆಸ್ಟರ್ ಯೆಲ್ಲೋಸೋ?

ಗಿಡ ಉಳಿಯುವುದು, ಹೋಗುವುದು ತೀರ್ಮಾನವಾಗುವುದು ಇಲ್ಲೇ. ಅದಕ್ಕೇ ಇಲ್ಲಿ ನಿಧಾನವಾಗಿ ಹೋಗೋಣ.

ಎರಡು ಬೇರೆ ಬೇರೆ ತೊಂದರೆಗಳು ದೂರದಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಕೋನ್ ಮೇಲಿಂದ ಏನೋ ಹೊರಟಿರುತ್ತದೆ. ಹತ್ತಿರ ಹೋದರೆ ವ್ಯತ್ಯಾಸ ಇದೆ.

ಮೊದಲನೆಯದು ಎರಿಯೋಫಿಡ್ ಜಾತಿಯ ನುಸಿ. ಜೇಡನ ಬಳಗದ ಜೀವಿಯಾದರೂ ಎಂಟು ಕಾಲಿಲ್ಲ, ನಾಲ್ಕೇ. ಉದ್ದುದ್ದ ಹುಳದ ಹಾಗಿದ್ದು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೋ ಏನೋ ಇರುತ್ತದೆ. ಭೂತಗನ್ನಡಿಯಲ್ಲೂ ಹುಡುಕುವುದು ಕಷ್ಟ, ಅದಕ್ಕೇ ನುಸಿಯನ್ನು ಹುಡುಕಬೇಡಿ, ಅದು ಮಾಡಿದ ಗಾಯ ನೋಡಿ. ಮೊಗ್ಗಿನೊಳಗೆ ಕೂತು, ಕೋನ್ ತುಂಬ ಒತ್ತಾಗಿರುವ ಕಿರುಹೂಗಳ ಬುಡದಲ್ಲಿ ರಸ ಹೀರುತ್ತದೆ. ಆಗ ಆ ಕಿರುಹೂಗಳು ಬೆಳೆಯಬೇಕಾದ ರೀತಿ ತಪ್ಪಿ, ಕೋನ್‌ನ ಒಂದೆರಡು ಕಡೆ ಮಾತ್ರ ಗುಚ್ಛ ಗುಚ್ಛವಾಗಿ ಏಳುತ್ತವೆ. ಬ್ರಷ್‌ನ ಕೂದಲು ಕೆದರಿದ ಹಾಗೆ. ಜುಟ್ಟಿನ ಪಕ್ಕದಲ್ಲೇ ಕೋನ್‌ನ ಉಳಿದ ಭಾಗ ಕಿತ್ತಳೆ ತುದಿಯ ಮುಳ್ಳಿನೊಂದಿಗೆ ಸರಿಯಾಗೇ ಇರುತ್ತದೆ. ಸುತ್ತಲಿನ ಎಸಳು ಸ್ವಲ್ಪ ಸೊಟ್ಟಗಾಗಿರಬಹುದು, ಆದರೆ ಬಣ್ಣ ಉಳಿದಿರುತ್ತದೆ. ಮುಖ್ಯವಾಗಿ, ಎಲೆಗೆ ಏನೂ ಆಗಿರುವುದಿಲ್ಲ.

ಎರಡನೆಯದು ಆಸ್ಟರ್ ಯೆಲ್ಲೋಸ್. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ, ಜೀವಕೋಶಕ್ಕೆ ಹೊರಗೋಡೆಯೇ ಇಲ್ಲದ ಒಂದು ಥರದ ಬ್ಯಾಕ್ಟೀರಿಯಾ. ಬದನೆ ಗಿಡದ ಕಿರು ಎಲೆ ರೋಗ ನೋಡಿದವರಿಗೆ ಪರಿಚಯ ಇರುತ್ತದೆ, ಅದೂ ಇದೇ ಗುಂಪಿನದು. ಗಿಡದಲ್ಲಿ ಆಹಾರ ಸಾಗಿಸುವ ನಾಳಗಳಲ್ಲಿ ಇದು ವಾಸ ಮಾಡುತ್ತದೆ. ನಾಳ ಗಿಡದ ತುಂಬ ಇರುವುದರಿಂದ ರೋಗವೂ ಗಿಡದ ತುಂಬ. ಬಹಳ ವರ್ಷ ಇದನ್ನು ವೈರಸ್ ಅಂತಲೇ ನಂಬಿದ್ದರು. ಜಿಗಿಹುಳು ಇದನ್ನು ಹರಡುತ್ತದೆ ಅಂತ 1926ರಲ್ಲೇ ಅಮೆರಿಕದ ವಿಜ್ಞಾನಿ ಕುಂಕೆಲ್ ತೋರಿಸಿಕೊಟ್ಟಿದ್ದ. ಆದರೆ ಈ ಬಗೆಯ ರೋಗದ ಹಿಂದೆ ಇರುವುದು ವೈರಸ್ ಅಲ್ಲ ಅಂತ ಗೊತ್ತಾದದ್ದು 1967ರಲ್ಲಿ, ಜಪಾನಿನ ವಿಜ್ಞಾನಿಗಳ ಕೆಲಸದಿಂದ.

ರೋಗ ಬಂದ ಗಿಡದಲ್ಲಿ ಎಸಳು ಬಣ್ಣ ಏರದೆ ಹಸಿರಾಗೇ ನಿಲ್ಲುತ್ತದೆ. ಕೋನ್ ಮೇಲಿನ ಕಿರುಹೂಗಳು ಎಲೆಯಾಗಿ ಬಿಡುತ್ತವೆ. ಕೆಲವು ಕಡೆ ಕೋನ್‌ನಿಂದ ಸಣ್ಣ ತೊಟ್ಟು ಹೊರಟು, ಅದರ ತುದಿಯಲ್ಲಿ ಮತ್ತೊಂದು ಪುಟ್ಟ ಹಸಿರು ಹೂ ಕೂತಿರುತ್ತದೆ. ಈ ತೊಟ್ಟು ಬಲವಾದ ಸುಳಿವು. ಆಮೇಲೆ ಎಲೆ ನೋಡಿ. ಹೊಸ ಎಲೆ ಹಳದಿಗಟ್ಟಿ, ನರಗಳು ಮಾತ್ರ ಹಸಿರಾಗಿ ಉಳಿದಿರುತ್ತವೆ. ಎಲೆ ಸಣ್ಣದು, ಗಿಡ ಗಿಡ್ಡ. ಬುಡದಿಂದ ಸಣಕಲು ಚಿಗುರುಗಳು ಒತ್ತೊತ್ತಾಗಿ, ಪೊರಕೆ ಕಟ್ಟಿದ ಹಾಗೆ ಎದ್ದಿರಬಹುದು.

ಒಂದು ಸಾಲಿನಲ್ಲಿ ಹೇಳುವುದಾದರೆ, ನುಸಿ ಹೂವನ್ನು ಕೆಡಿಸುತ್ತದೆ, ಆಸ್ಟರ್ ಯೆಲ್ಲೋಸ್ ಗಿಡವನ್ನೇ ಕೆಡಿಸುತ್ತದೆ.

ಆದರೂ ಅನುಮಾನ ಉಳಿಯುತ್ತದೆ, ಅದರಲ್ಲೂ ಬೇಸಿಗೆಯ ಶುರುವಿನಲ್ಲಿ. ಆಗ ನಾನು ಮಾಡುವುದು ಹೀಗೆ. ಕೆಟ್ಟ ಹೂಗಳನ್ನೆಲ್ಲ ಕೆಳಗಿನ ಆರೋಗ್ಯವಾದ ಎಲೆಯ ತನಕ ಕತ್ತರಿಸುತ್ತೇನೆ. ಆ ಕಾಂಡಕ್ಕೆ ಒಂದು ಬಣ್ಣದ ದಾರ ಕಟ್ಟುತ್ತೇನೆ. ಗಿಡಕ್ಕೆ ತೆಳು ಬಲೆ ಹೊದಿಸುತ್ತೇನೆ, ರೋಗ ಇದ್ದರೂ ಜಿಗಿಹುಳು ಅದನ್ನು ಬೇರೆ ಗಿಡಕ್ಕೆ ಒಯ್ಯಬಾರದು ಅಂತ. ಆಮೇಲೆ ಮೂರ್ನಾಲ್ಕು ವಾರ ಕಾಯುವುದು. ದಾರ ಕಟ್ಟಿದ ಜಾಗದ ಕೆಳಗಿನಿಂದ ಬರುವ ಹೊಸ ಮೊಗ್ಗು ಗುಲಾಬಿಯಾಗಿ ಅರಳಿದರೆ ಅದು ನುಸಿಯೇ. ಮತ್ತೆ ಹಸಿರು, ಜೊತೆಗೆ ಎಲೆಯೂ ಹಳದಿ ಅಂದರೆ ಇನ್ನು ಕಾಯುವುದು ಬೇಡ. ಅಷ್ಟೊತ್ತಿಗೆ ನಿಮಗೇ ಖಾತ್ರಿಯಾಗಿರುತ್ತದೆ.

ನುಸಿ ಆದರೆ ಕೆಟ್ಟ ಹೂಗಳನ್ನು ಕತ್ತರಿಸಿ ಚೀಲದೊಳಗೆ ಹಾಕಿ ಬಾಯಿ ಕಟ್ಟಿ ಕಸಕ್ಕೆ ಕೊಡಿ, ಗೊಬ್ಬರದ ಗುಂಡಿಗೆ ಬೇಡ. ಶರತ್ಕಾಲದಲ್ಲಿ ಆ ಗಿಡಗಳ ಒಣ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ತರಗೆಲ್ಲ ಎತ್ತಿ ಹಾಕಿ. ಔಷಧಿ ಹೊಡೆದು ಜಾಸ್ತಿ ಉಪಯೋಗ ಇಲ್ಲ. ನುಸಿ ಮೊಗ್ಗಿನೊಳಗೆ ಅವಿತಿರುತ್ತದೆ, ಔಷಧಿ ತಾಗುವುದು ಹೊರಗೆ ಓಡಾಡುವ ಜೇನುಹುಳಕ್ಕೆ. ಇಲ್ಲೊಂದು ಸಂಕಟ ಇದೆ. ಒಣಗಿದ ಕೋನ್‌ಗಳನ್ನು ಚಳಿಗಾಲದಲ್ಲಿ ಬಿಟ್ಟರೆ ಗೋಲ್ಡ್‌ಫಿಂಚ್ ಹಕ್ಕಿಗಳು ಬಂದು ಬೀಜ ತಿನ್ನುತ್ತವೆ, ಆ ನೋಟವನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ನಾನು ನುಸಿ ಬಂದ ಗಿಡಗಳನ್ನು ಮಾತ್ರ ಬೋಳಿಸುತ್ತೇನೆ. ಉಳಿದವು ಹಕ್ಕಿಗಳಿಗೆ.

ಆಸ್ಟರ್ ಯೆಲ್ಲೋಸ್ ಆದರೆ ಬೇರುಸಹಿತ ಕಿತ್ತುಬಿಡಿ. ಇದಕ್ಕೆ ಮದ್ದಿಲ್ಲ. ಬರೀ ಹೂ ಕತ್ತರಿಸಿದರೆ ಪ್ರಯೋಜನ ಇಲ್ಲ, ರೋಗಾಣು ಬುಡದಲ್ಲಿ ಚಳಿಗಾಲ ಕಳೆದು ಮುಂದಿನ ವರ್ಷ ಚಿಗುರಿನ ಜೊತೆಗೇ ಮೇಲೆ ಬರುತ್ತದೆ. ಇಷ್ಟರ ನಡುವೆ ಸಮಾಧಾನದ ವಿಷಯಗಳೂ ಇವೆ. ಬೀಜದಿಂದ ಇದು ಹರಡುವುದಿಲ್ಲ. ಮಣ್ಣಿನಲ್ಲಿ ಉಳಿಯುವುದಿಲ್ಲ, ಅದೇ ಗುಂಡಿಯಲ್ಲಿ ಮರುದಿನವೇ ಬೇರೆ ಗಿಡ ನೆಡಬಹುದು. ಕತ್ತರಿಯಿಂದಲೂ ಹರಡುವುದಿಲ್ಲ. ಕಿತ್ತ ಗಿಡ ಸತ್ತರೆ ರೋಗಾಣುವೂ ಸಾಯುತ್ತದೆ, ಹಾಗಾಗಿ ಗೊಬ್ಬರದ ಗುಂಡಿಗೆ ಹಾಕಿದರೂ ತೊಂದರೆ ಇಲ್ಲ. ಬೇರು ಮತ್ತೆ ಚಿಗುರದಂತೆ ಬಿಸಿಲಿಗೆ ಒಣಗಿಸಿ ಹಾಕಿ.

ಹರಡುವುದು ಜಿಗಿಹುಳದಿಂದ. ಮೂರ್ನಾಲ್ಕು ಮಿಲಿಮೀಟರ್ ಉದ್ದದ, ಮಾಸಲು ಹಸಿರಿನ ಹುಳು, ತಲೆಯ ಮೇಲೆ ಆರು ಕಪ್ಪು ಗುರುತು. ಅಮೆರಿಕದ ದಕ್ಷಿಣದ ರಾಜ್ಯಗಳಿಂದ ವಸಂತದ ಗಾಳಿಯಲ್ಲಿ ತೇಲಿಕೊಂಡು ಉತ್ತರಕ್ಕೆ ಬರುತ್ತದೆ. ಅದಕ್ಕೇ ಒಂದು ವರ್ಷ ರೋಗ ಜಾಸ್ತಿ, ಇನ್ನೊಂದು ವರ್ಷ ಹೆಸರೇ ಇಲ್ಲ. ರೋಗದ ಗಿಡದ ರಸ ಹೀರಿದ ತಕ್ಷಣ ಈ ಹುಳ ರೋಗ ಹಚ್ಚುವುದಿಲ್ಲ. ರೋಗಾಣು ಹುಳದೊಳಗೆ ಎರಡು ಮೂರು ವಾರ ಬೆಳೆಯಬೇಕು. ಆಮೇಲೆ ಆ ಹುಳ ಬದುಕಿರುವ ತನಕ ರೋಗ ಹಂಚುತ್ತದೆ. ಅಂದರೆ ಗಿಡ ಬೇಗ ಕಿತ್ತಷ್ಟೂ ಲಾಭ. ಸುತ್ತಲಿನ ದಂಡೇಲಿಯನ್, ಪ್ಲಾಂಟೇನ್, ಕಾಡು ಕ್ಯಾರೆಟ್ ಕಳೆಗಳಲ್ಲೂ ಈ ರೋಗ ಅಡಗಿರುತ್ತದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಇದು ತಗಲುತ್ತದೆ. ಕೋನ್‌ಫ್ಲವರ್ ಕಿತ್ತು, ಅದರ ಬುಡದಲ್ಲಿ ಹಳದಿಯಾಗಿ ನಿಂತಿದ್ದ ಕಳೆ ಬಿಟ್ಟರೆ ಕೆಲಸ ಅರ್ಧವೇ ಆದ ಹಾಗೆ.

ಎಲೆಯಲ್ಲಿ ಚುಕ್ಕೆ

ಚುಕ್ಕೆ ಕಂಡ ತಕ್ಷಣ ಶಿಲೀಂಧ್ರ ಅಂತ ಔಷಧಿ ಹುಡುಕುವವರೇ ಜಾಸ್ತಿ. ಚುಕ್ಕೆಯ ಆಕಾರ ನೋಡಿ. ತುದಿಯ ಎಲೆಗಳಲ್ಲಿ ಒಂದೂವರೆ ಮಿಲಿಮೀಟರಿನ, ಅಳತೆ ಮಾಡಿ ಇಟ್ಟಂಥ ದುಂಡು ಕಪ್ಪು ಗುಳಿಗಳು ಹತ್ತಿರ ಹತ್ತಿರ ಇದ್ದರೆ, ಅದೂ ಮೇ ಕೊನೆ ಅಥವಾ ಜೂನ್‌ನಲ್ಲಿ, ಅದು ರೋಗವೇ ಅಲ್ಲ. ನಾಲ್ಕು ಗೆರೆಯ ತಿಗಣೆಯ ಕೆಲಸ. ಹಳದಿ ಹಸಿರು ಬೆನ್ನಿನ ಮೇಲೆ ನಾಲ್ಕು ಕಪ್ಪು ಪಟ್ಟೆ, ಮರಿಗಳು ಕೆಂಪು. ನೆರಳು ಬಿದ್ದ ಕೂಡಲೇ ಎಲೆಯ ಕೆಳಗೆ ಓಡುತ್ತದೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದು ಚುಕ್ಕೆ ಮಾತ್ರ. ಆಮೇಲೆ ಆ ಚುಕ್ಕೆ ಒಣಗಿ ಉದುರಿ ಎಲೆಯಲ್ಲಿ ತೂತು ಬೀಳುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಚುಕ್ಕೆ ನೋಡಿ ಗಾಬರಿಯಾಗಿ ಔಷಧಿ ತರುವಷ್ಟರಲ್ಲಿ ಹುಳು ಎಷ್ಟೋ ಸಲ ಹೋಗಿಯೇ ಇರುತ್ತದೆ. ಮೊಟ್ಟೆ ಕಾಂಡದೊಳಗೆ ಚಳಿಗಾಲ ಕಳೆಯುತ್ತದೆ, ಹಾಗಾಗಿ ವಸಂತಕ್ಕೆ ಮುಂಚೆ ಹಳೇ ಕಾಂಡ ಕತ್ತರಿಸಿ ಸಾಗಿಸಿದರೆ ಮುಂದಿನ ವರ್ಷ ಕಮ್ಮಿ.

ಚುಕ್ಕೆ ಕೆಳಗಿನ ಹಳೇ ಎಲೆಯಿಂದ ಶುರುವಾಗಿ ಮೇಲಕ್ಕೆ ಏರುತ್ತಿದ್ದರೆ, ಆಕಾರ ಅಂಕುಡೊಂಕಾಗಿ ಅಂಚು ಹರಡುತ್ತಿದ್ದರೆ ಎಲೆಚುಕ್ಕೆ ರೋಗ. ಅಂಥ ಎಲೆ ಕಿತ್ತು ಹಾಕಿ, ನೀರನ್ನು ಬುಡಕ್ಕೆ ಬಿಡಿ, ಗಿಡಗಳ ನಡುವೆ ಗಾಳಿ ಆಡಲಿ. ಬೇಸಿಗೆಯ ಕೊನೆಗೆ ಬರುವ ಬೂದಿ ರೋಗಕ್ಕೂ ಮುಖ್ಯವಾದ ಉಪಾಯ ಗಾಳಿಯೇ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಗಿಡ ಸಾಯುವುದಿಲ್ಲ.

ಎಸಳು ಮಾಯ, ಕೋನ್‌ನಲ್ಲಿ ಹುಡಿ

ಎಸಳು ಹರಿದು ಜಾಲರಿಯಾಗಿದ್ದರೆ ಬೆಳಗ್ಗೆ ಬೇಗ ಹೋಗಿ ನೋಡಿ. ತಾಮ್ರದ ಬಣ್ಣದ ರೆಕ್ಕೆ, ಹಸಿರು ಹೊಳೆಯುವ ಕುತ್ತಿಗೆಯ ದುಂಬಿ ಸಿಕ್ಕರೆ ಅದು ಜಪಾನಿ ದುಂಬಿ. ಅಮೆರಿಕದಲ್ಲಿ ಇದು ಮೊದಲು ಕಂಡದ್ದು 1916ರಲ್ಲಿ, ನ್ಯೂಜೆರ್ಸಿಯ ರಿವರ್‌ಟನ್ ಹತ್ತಿರದ ಒಂದು ನರ್ಸರಿಯಲ್ಲಿ. ಈಗ ಪೂರ್ವದ ರಾಜ್ಯಗಳ ತುಂಬ ಇದೆ. ತಂಪು ಹೊತ್ತಿನಲ್ಲಿ ಅದಕ್ಕೆ ಚುರುಕು ಕಮ್ಮಿ. ಹೂವಿನ ಕೆಳಗೆ ಸೋಪಿನ ನೀರಿನ ಡಬ್ಬಿ ಹಿಡಿದು ತಟ್ಟಿದರೆ ತಾನೇ ಬೀಳುತ್ತದೆ. ವಾಸನೆ ತೋರಿಸಿ ಹಿಡಿಯುವ ಬಲೆಗಳನ್ನು ಹೂವಿನ ಹತ್ತಿರ ಕಟ್ಟಬೇಡಿ. ಅವು ಹಿಡಿಯುವುದಕ್ಕಿಂತ ಜಾಸ್ತಿ ದುಂಬಿಗಳನ್ನು ಕರೆತರುತ್ತವೆ.

ಕೋನ್ ಮೇಲೆ ಜೇಡರ ಬಲೆಯಂಥ ನೂಲು, ಅದಕ್ಕೆ ಅಂಟಿದ ಕಂದು ಹುಡಿ ಕಂಡರೆ ಕೋನ್ ಅನ್ನು ಉದ್ದುದ್ದ ಸೀಳಿ. ಒಳಗೆ ಪಟ್ಟೆ ಪಟ್ಟೆಯ ಸಣ್ಣ ಹುಳು ಸಿಗುತ್ತದೆ. ಸೂರ್ಯಕಾಂತಿ ಪತಂಗದ ಮರಿ. ಆ ಕೋನ್ ಕತ್ತರಿಸಿ ತೆಗೆಯಿರಿ, ಅಷ್ಟೇ. ಇನ್ನು ವಸಂತದಲ್ಲಿ ಎಳೇ ಚಿಗುರು ಬ್ಲೇಡಿನಿಂದ ಓರೆಯಾಗಿ ಕೊಯ್ದ ಹಾಗಿದ್ದರೆ ಮೊಲ. ಚಿಗುರು ಗಟ್ಟಿಯಾಗುವ ತನಕ ಸುತ್ತ ತಂತಿ ಜಾಲರಿ ಹಾಕಿ.

ವಾಲುವುದು, ಬಾಡುವುದು, ಚಳಿಗಾಲ ಕಳೆದು ಬಾರದಿರುವುದು

ಕಾಂಡ ಉದ್ದ ಬೆಳೆದು ವಾಲಿ ಬಿದ್ದರೆ ನಮ್ಮ ಪ್ರೀತಿ ಜಾಸ್ತಿಯಾಗಿದೆ ಅಂತ ಅರ್ಥ. ಗೊಬ್ಬರ ಜಾಸ್ತಿ, ಇಲ್ಲ ನೆರಳು ಜಾಸ್ತಿ. ಹುಲ್ಲುಬಯಲಿನಲ್ಲಿ ಇದಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ಸುತ್ತಲಿನ ಹುಲ್ಲು ಒರಗಲು ಆಸರೆ ಕೊಡುತ್ತದೆ. ಗೊಬ್ಬರ ನಿಲ್ಲಿಸಿ, ಪಕ್ಕದಲ್ಲಿ ಲಿಟಲ್ ಬ್ಲೂಸ್ಟೆಮ್ ಥರದ ಹುಲ್ಲು ನೆಡಿ.

ಮಣ್ಣು ಒದ್ದೆ ಇದ್ದೂ ಗಿಡ ಬಾಡಿದರೆ ಮತ್ತೆ ನೀರು ಹಾಕಬೇಡಿ. ಬುಡದ ಹೊದಿಕೆ ಸರಿಸಿ, ಬುಡವನ್ನು ಬೆರಳಿನಿಂದ ಒತ್ತಿ. ಗಟ್ಟಿಯಾಗಿ, ಉಗುರು ತಾಗಿದಲ್ಲಿ ಕೆನೆ ಬಣ್ಣ ಕಂಡರೆ ಜೀವ ಇದೆ. ಮೆತ್ತಗೆ, ಕಂದಾಗಿ, ವಾಸನೆ ಬಂದರೆ ಬುಡ ಕೊಳೆತಿದೆ. ಕಾಂಡದ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಕಾಂಡ ಸೀಳಿದರೆ ಇಲಿ ಹಿಕ್ಕೆಯಂಥ ಕಪ್ಪು ಗಂಟು ಸಿಕ್ಕರೆ ಅದು ಸ್ಕ್ಲೆರೊಟೀನಿಯ ಅನ್ನುವ ಶಿಲೀಂಧ್ರ. ಆ ಗಂಟುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಸತ್ತ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ.

ಚಳಿಗಾಲದ ಸಾವಿಗೆ ಚಳಿಗಿಂತ ನೀರು ದೊಡ್ಡ ಕಾರಣ. ಈ ಕಾಡುಗಿಡ ಮಂಜು ಬೀಳುವ, ಅಮೆರಿಕದ ಉತ್ತರದ ಮಿನೆಸೋಟ ರಾಜ್ಯದಂಥ ಕಡೆಯಲ್ಲೂ ಚಳಿಗಾಲ ದಾಟುತ್ತದೆ. ಅಂಟು ಮಣ್ಣಿನಲ್ಲಿ ನೀರು ನಿಂತರೆ ಮಾತ್ರ ತಡೆಯುವುದಿಲ್ಲ. ಬುಡದ ಮೇಲೆ ಮರದ ಹೊಟ್ಟು ಗುಡ್ಡೆ ಹಾಕುವುದೂ ಅದೇ ತೊಂದರೆ ತರುತ್ತದೆ. ಹೊದಿಕೆ ಬುಡದಿಂದ ಒಂದು ಗೇಣು ದೂರ ಇರಲಿ.

ಕಿತ್ತಳೆ, ಕೆಂಪು, ಹಳದಿ ಬಣ್ಣದ ತಳಿಗಳು ಬೇಗ ಸಾಯುತ್ತವೆ ಅನ್ನುವ ದೂರು ಬಹಳ. ಹಳದಿ ಬಣ್ಣ ಬಂದದ್ದು ಅಮೆರಿಕದ ಓಜಾರ್ಕ್ ಸೀಮೆಯ ಎಕಿನೇಷಿಯ ಪ್ಯಾರಡಾಕ್ಸದಿಂದ, ಅದನ್ನು ನೇರಳೆ ಜಾತಿಯೊಂದಿಗೆ ಕೂಡಿಸಿ ಈ ಬಣ್ಣಗಳನ್ನು ತೆಗೆದಿದ್ದಾರೆ. ಇಂಥ ಗಿಡವನ್ನು ಹೂ ತುಂಬಿರುವಾಗಲೇ ತಂದು, ಶರತ್ಕಾಲದಲ್ಲಿ ನೆಟ್ಟು, ಆ ಹೂವನ್ನು ಕೊನೆಯವರೆಗೂ ನೋಡಿ ಖುಷಿಪಟ್ಟರೆ ಬುಡದಲ್ಲಿ ಮುಂದಿನ ವರ್ಷದ ಮೊಗ್ಗು ಕಟ್ಟಲು ಗಿಡಕ್ಕೆ ಶಕ್ತಿ ಉಳಿಯುವುದಿಲ್ಲ. ವಸಂತದಲ್ಲೇ ನೆಡಿ, ಮೊದಲ ವರ್ಷ ಹೂಕಾಂಡ ಕತ್ತರಿಸಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಕತ್ತರಿಸಿ.

ಬೀಜ ಮೊಳೆಯುತ್ತಿಲ್ಲ

ನೇರಳೆ ಕೋನ್‌ಫ್ಲವರ್ ಬೀಜ ತಂಪು ಇಲ್ಲದೆಯೂ ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ. ಒಟ್ಟಿಗೆ ಮೊಳೆಯಬೇಕು ಅಂದರೆ ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್‌ನಲ್ಲಿ ನಾಲ್ಕರಿಂದ ಎಂಟು ವಾರ ಇಡಿ. ಒಣ ಬೀಜವನ್ನು ಫ್ರಿಜ್‌ನಲ್ಲಿಟ್ಟು ‘ತಂಪು ಕೊಟ್ಟೆ’ ಅಂದರೆ ಆಗುವುದಿಲ್ಲ, ತೇವ ಬೇಕೇ ಬೇಕು. ಸಪೂರ ಎಲೆಯ ಎಕಿನೇಷಿಯ ಅಂಗಸ್ಟಿಫೋಲಿಯಕ್ಕೆ ಇನ್ನೂ ಜಾಸ್ತಿ, ಮೂರು ತಿಂಗಳವರೆಗೂ ಬೇಕಾಗುತ್ತದೆ.

ಅಷ್ಟೆಲ್ಲ ಮಾಡಿಯೂ ಮೊಳೆಯದಿದ್ದರೆ ಬೀಜ ಇದೆಯಾ ಅಂತ ನೋಡಿ. ಇದು ಒಗಟಿನ ಹಾಗೆ ಕೇಳಿಸುತ್ತದೆ, ಆದರೆ ನಿಜ. ಪರಾಗ ಸೇರದಿದ್ದರೂ ಈ ಗಿಡ ಕಾಯಿ ಕಟ್ಟುತ್ತದೆ. ಹೊರಗೆ ಒಂದೇ ಥರ ಕಾಣುವ ಬಿಳಿ ಕಂದು ಸಿಪ್ಪೆ, ಒಳಗೆ ಖಾಲಿ. ಹತ್ತು ಕಾಯಿ ತೆಗೆದು ಉಗುರಿನಿಂದ ಒತ್ತಿ. ಗಟ್ಟಿಯಾಗಿ ತಡೆದರೆ ಬೀಜ ಇದೆ, ಚಪ್ಪಟೆಯಾಗಿ ಕುಸಿದರೆ ಜೊಳ್ಳು.

ಬರೀ ಜೊಳ್ಳು ಬರುತ್ತಿದೆ ಅಂದರೆ ಮುಂದಿನ ಹೂವಿನ ಕಾಲದಲ್ಲಿ ಭೂತಗನ್ನಡಿ ಹಿಡಿದು ಕೋನ್ ಮುಂದೆ ಕೂರಬೇಕು. ಕಿರುಹೂಗಳು ಕೋನ್‌ನ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಮೇಲಕ್ಕೆ ಅರಳುತ್ತವೆ. ಪ್ರತಿ ಕಿರುಹೂವೂ ಮೊದಲ ದಿನ ಹಳದಿ ಪರಾಗ ಹೊರಹಾಕುತ್ತದೆ. ಮರುದಿನ ಅದರ ನಡುವಿನಿಂದ ಹೆಣ್ಣು ಭಾಗ, ಅಂದರೆ ಶಲಾಕೆ, ತುದಿ ಕವಲಾಗಿ ಮೇಲೆ ಬರುತ್ತದೆ. ಸಪೂರ ಎಲೆಯ ಜಾತಿಯಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಒಗ್ಗುವ ಪರಾಗ ತಾಗಿದರೆ ಶಲಾಕೆ ಒಂದು ದಿನದೊಳಗೆ ಮುದುಡುತ್ತದೆ. ತಾಗದಿದ್ದರೆ ಹತ್ತು ದಿನದವರೆಗೂ ಹಾಗೇ ನಿಂತು ಕಾಯುತ್ತದೆ. ಕೋನ್ ಸುತ್ತ ಒಂದೆರಡು ಸಾಲು ಮಾತ್ರ ನಿಂತಿದ್ದರೆ ಎಲ್ಲ ಸರಿ ಇದೆ. ಐದಾರು ಸಾಲು ಒಟ್ಟಿಗೆ ಗರಿಗೆದರಿ ನಿಂತಿದ್ದರೆ ಪರಾಗ ಬಂದಿಲ್ಲ.

ಜೇನುಹುಳು ಬರುತ್ತಿದ್ದೂ ಹೀಗಾಗುತ್ತದೆ. ಯಾಕಂದರೆ ಈ ಗಿಡ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಒಂದೇ ಗಿಡ ಇದ್ದರೆ, ಇಲ್ಲ ಒಂದೇ ಗಿಡವನ್ನು ಸೀಳಿ ಮಾಡಿದ ಐದು ಗಿಡ ಇದ್ದರೆ, ಹೂ ಎಷ್ಟಿದ್ದರೂ ಬೀಜ ಅಪರೂಪ. ಮಿನೆಸೋಟದಲ್ಲಿ ಹುಲ್ಲುಬಯಲಿನ ಚೂರುಪಾರು ಉಳಿದ ಜಾಗಗಳಲ್ಲಿ ವಿಜ್ಞಾನಿ ಸ್ಟುವರ್ಟ್ ವಾಗೆನಿಯಸ್ ಮತ್ತು ಜೊತೆಗಾರರು 1990ರ ದಶಕದಿಂದ ಸಪೂರ ಎಲೆಯ ಜಾತಿಯಲ್ಲಿ ಇದನ್ನೇ ನೋಡುತ್ತಾ ಬಂದಿದ್ದಾರೆ. ಗಿಡಗಳು ದೂರ ದೂರ ಉಳಿದ ಕಡೆ, ಬೇರೆ ಬೇರೆ ಹೊತ್ತಿಗೆ ಅರಳಿದ ಕಡೆ ಬೀಜ ಕಮ್ಮಿ. ಬಯಲಿಗೆ ಬೆಂಕಿ ಹಾಯ್ದ ಮುಂದಿನ ಬೇಸಿಗೆಯಲ್ಲಿ ಎಲ್ಲ ಒಟ್ಟಿಗೆ ಅರಳಿ ಬೀಜ ಜಾಸ್ತಿ ಅಂತ 2020ರಲ್ಲಿ ಪ್ರಕಟಿಸಿದ್ದಾರೆ.

ತೋಟದಲ್ಲಿ ಮಾಡಬೇಕಾದ್ದು ಸುಲಭ. ಬೀಜದಿಂದ ಬೆಳೆದ ಎರಡು ಮೂರು ಬೇರೆ ಗಿಡಗಳನ್ನು ಹತ್ತಿರ ನೆಡಿ. ಈ ವರ್ಷವೇ ಪರೀಕ್ಷೆ ಮಾಡಬೇಕು ಅನ್ನಿಸಿದರೆ, ಪರಿಚಯದವರ ಗಿಡದಿಂದ ಆಗತಾನೇ ಪರಾಗ ಬಿಟ್ಟ ಒಂದು ಹೂ ತನ್ನಿ. ಅದನ್ನು ನಿಮ್ಮ ಹೂವಿನ ನಿಂತ ಶಲಾಕೆಗಳ ಮೇಲೆ ಮೆಲ್ಲಗೆ ಸವರಿ, ಸವರಿದ ಬದಿಗೆ ಒಂದು ಗುರುತು ಮಾಡಿ. ಮರುದಿನ ಬೆಳಗ್ಗೆ ಹೋಗಿ ನೋಡಿ. ಆ ಬದಿ ಮುದುಡಿದ್ದು, ಇನ್ನೊಂದು ಬದಿ ಇನ್ನೂ ಗರಿಗೆದರಿ ನಿಂತಿದ್ದರೆ, ಕೊರತೆ ಇದ್ದದ್ದು ಪರಾಗದ್ದೇ.